ಮದುವೆಯಾದರೂ ತವರಿನಲ್ಲೇ

ನನ್ನ ತಂಗಿ ಮಗಳ ಮದುವೆಯಾಗಿ ಎರಡು ದೀಪಾವಳಿ ಕಳೆದವು. ಗಂಡ ಅಮೆರಿಕದ ಪೌರತ್ವ ಪಡೆದವರು. ಇವಳು ಇನ್ನೂ ತವರಿನಲ್ಲೇ! ವೀಸಾ ಸಂದರ್ಶನ ಮುಗಿದ ಮೇಲೆ ಬಂದದ್ದು ಒಂದೇ ಮಾತು, "ಪರಿಶೀಲನೆಯಲ್ಲಿದೆ." ಬೀದಿಗೆ ಬಂದರೆ ಸಾಕು, "ಯಾವಾಗಮ್ಮಾ ಹೊರಡೋದು?" ಅಂತ ಕೇಳೋರೇ. ಪಾಪ, ದೇವಸ್ಥಾನಕ್ಕೆ ಹೋಗೋದನ್ನೂ ಬಿಟ್ಟಳು.

ಪೌರರ ಹೆಂಡತಿಗೆ ವರ್ಷಕ್ಕಿಷ್ಟೇ ವೀಸಾ ಎಂಬ ಮಿತಿ ಅಲ್ಲಿಲ್ಲ. ಹಾಗಿದ್ದೂ ಕಡತ ಕೂತುಬಿಟ್ಟರೆ? ಗಂಡ ಅಲ್ಲಿಯ ಫೆಡರಲ್ ನ್ಯಾಯಾಲಯದಲ್ಲಿ ಮ್ಯಾಂಡಮಸ್ ದಾವೆ ಹೂಡಬಹುದು. ಸರ್ಕಾರಿ ಕಚೇರಿಗಳು ಕೈಗೆ ಬಂದ ಕೆಲಸವನ್ನು ಸಕಾಲದಲ್ಲಿ ಮುಗಿಸಬೇಕೆಂದು 1946ರ ಕಾಯಿದೆಯೇ ಇದೆ. ಕೋರ್ಟಿನ ಶುಲ್ಕ 405 ಡಾಲರ್. ವಕೀಲರ ಫೀಸು ಬೇರೆ, ಅದೇ ಭಾರ. ನೋಟೀಸು ಮುಟ್ಟಿದ ಮೇಲೆ ಉತ್ತರ ಕೊಡಲು ಸರ್ಕಾರಕ್ಕೆ 60 ದಿನ. ಎಷ್ಟೋ ಸಲ ಅಷ್ಟರೊಳಗೇ ಕಡತ ಅಲುಗುತ್ತೆ.

ಆದರೆ ಸೋದರಿಯರೇ, ಕೋರ್ಟು "ತೀರ್ಮಾನ ಮಾಡಿ" ಅನ್ನಬಹುದೇ ಹೊರತು "ವೀಸಾ ಕೊಡಿ" ಅನ್ನುವುದಿಲ್ಲ. ದಾವೆ ವಜಾ ಆದದ್ದೂ ಉಂಟು. ಬೇಗನೇ "ಇಲ್ಲ" ಅಂತಲೂ ಬರಬಹುದು. ತಂಗಿ ಹೆದರಿದ್ದು ಇದಕ್ಕೇ. ಹುಡುಗಿ ಮಾತ್ರ, "ದೊಡ್ಡಮ್ಮಾ, ಇಲ್ಲ ಅಂದ್ರೂ ಸರಿ, ಏನೋ ಒಂದು ಹೇಳಲಿ" ಅಂದಳು.

ಹೋದ ವಾರ ಅಳಿಯಂದಿರು ದಾವೆ ಹೂಡಿದರು. ಇವಳು ಬಿಟ್ಟಿದ್ದ ಹೊಲಿಗೆ ಕ್ಲಾಸಿಗೆ ಮತ್ತೆ ಹೋಗ್ತಿದ್ದಾಳೆ.