ನಾಗಮಂಗಲದಲ್ಲೊಂದು ಸಂಜೆಯ ಬೀಟ್

ಹೊತ್ತು ಮುಳುಗುವಾಗ ನಾಗಮಂಗಲದ ಮೈಸೂರು ರಸ್ತೆಯಲ್ಲಿ ನಿಂತರೆ ಬೋಂಡಾ ಬಾಣಲೆಯ ಘಮ, ಮೊಳ ಹಾಕಿ ಮಲ್ಲಿಗೆ ಮಾರುವವಳ ಕೂಗು, ಕೆ.ಆರ್. ಪೇಟೆ ಬಸ್ಸಿನ ಹಾರ್ನು ಎಲ್ಲವೂ ಒಟ್ಟಿಗೇ ಬಂದು ಮುತ್ತಿಕೊಳ್ಳುತ್ತವೆ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟು, ಕತ್ತು ಮಾತ್ರ ರಸ್ತೆಯತ್ತ ತಿರುಗಿಸುತ್ತಾನೆ. 2024ರ ಸೆಪ್ಟೆಂಬರ್ 11ರ ರಾತ್ರಿ ಗಣಪತಿ ಮೆರವಣಿಗೆಯ ವೇಳೆ ಕಲ್ಲು ತೂರಾಟವಾಗಿ, ಅಂಗಡಿಗಳಿಗೆ ಬೆಂಕಿ ಬಿದ್ದದ್ದು ಇಲ್ಲೇ. ದೂರದಲ್ಲಿ ತಮಟೆ ಸದ್ದಾದರೆ ಇಂಥ ರಸ್ತೆಯಲ್ಲಿ ಕೈಗಳು ಒಂದು ಗಳಿಗೆ ನಿಲ್ಲುವುದು ಸಹಜ.

ಅಷ್ಟರಲ್ಲಿ ಬೀಟ್ ಪೇದೆ ಬೈಕ್ ನಿಲ್ಲಿಸುತ್ತಾರೆ. ಹಳೆಯ ಸ್ಲೋಚ್ ಹ್ಯಾಟ್ ಹೋಗಿ, 2025ರ ಅಕ್ಟೋಬರಿನಲ್ಲಿ ಬಂದ ಕಡುನೀಲಿ ಪೀಕ್ ಕ್ಯಾಪು ತಲೆ ಮೇಲಿದೆ. ಹೂವಿನವಳು 'ಊಟ ಆಯ್ತಾ ಸಾರ್' ಅನ್ನುತ್ತಾಳೆ. ಅವರು ಅವಳ ಮಗಳ ಪರೀಕ್ಷೆ ವಿಚಾರಿಸುತ್ತಾರೆ. ಗಲಾಟೆ ಆದಮೇಲೆ ಬಂದು ನಿಲ್ಲುವ ಕೆ.ಎಸ್.ಆರ್.ಪಿ. ವ್ಯಾನಿಗಿಂತ ಈ ಎರಡು ಮಾತಿಗೇ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ. ಶ್ರೀರಂಗಪಟ್ಟಣದಲ್ಲಿ ಡಿಸೆಂಬರಿನ ಹನುಮ ಸಂಕೀರ್ತನಾ ಯಾತ್ರೆಯ ದಿನ ಜಾಮಿಯಾ ಮಸೀದಿ ಸುತ್ತ ಬ್ಯಾರಿಕೇಡು, ಬೂಟಿನ ಸದ್ದು. ಅವೂ ಬೇಕು, ನಿಜ. ಆದರೆ ಮರುದಿನ ಅವೆಲ್ಲ ಲಾರಿ ಹತ್ತಿ ಹೋಗುತ್ತವೆ, ಬೀದಿಯ ಜನ ಮಾತ್ರ ಅಲ್ಲೇ ಉಳಿಯುತ್ತಾರೆ.

ಪಾಂಡವಪುರದ ಕಡೆ ಭಯಕ್ಕೆ ಬೇರೆಯದೇ ಮುಖ. ಕಬ್ಬಿನ ಗದ್ದೆ ಬದಿಯಲ್ಲಿ ತುಂಬಿ ಹರಿಯುವ ವಿ.ಸಿ. ನಾಲೆ ಕಣ್ಣಿಗೆ ತಂಪು. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಖಾಸಗಿ ಬಸ್ಸು ಅದೇ ನಾಲೆಗೆ ಉರುಳಿ 30 ಜೀವ ಹೋದವು. ಮಕ್ಕಳನ್ನು ಬಸ್ಸು ಹತ್ತಿಸುವ ತಾಯಿಗೆ ಪೊಲೀಸರು ಬೇಕಾಗಿರುವುದು ಕಳ್ಳನನ್ನು ಹಿಡಿಯುವುದಕ್ಕಷ್ಟೇ ಅಲ್ಲ, ಅಡ್ಡಾದಿಡ್ಡಿ ಓಡಿಸುವ ಡ್ರೈವರನ್ನು ತಡೆಯುವುದಕ್ಕೂ.

ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ಬೀಗ ಜಡಿದ ಬಾಗಿಲುಗಳು ಸಾಲಾಗಿ ಸಿಗುತ್ತವೆ. ಮಕ್ಕಳು ದುಡಿಮೆಗೆಂದು ಮುಂಬೈ ಸೇರಿದ್ದಾರೆ, ಜಗಲಿಯಲ್ಲಿ ಅಜ್ಜಿ ಒಬ್ಬರೇ ಅವರೆಕಾಯಿ ಸುಲಿಯುತ್ತಾರೆ. ತುರ್ತಿಗೆ 112 ಇದೆ, ಸರಿ. ಕತ್ತಲಲ್ಲಿ ಆ ಗುಂಡಿ ಒತ್ತಲು ಅಜ್ಜಿಗೆ ಕಣ್ಣು ಕಾಣಬೇಕಲ್ಲ. ಅವರು ನಂಬಿರುವುದು ಪಕ್ಕದ ಮನೆಯವರನ್ನು, ಆಗಾಗ ಬಂದು ಕದ ತಟ್ಟುವ ಬೀಟ್ ಪೇದೆಯನ್ನು. ಆ ಪೇದೆಯ ಮುಖ ಪರಿಚಯವಾಗುವ ಹೊತ್ತಿಗೇ ವರ್ಗಾವಣೆ ಆದೇಶ ಬಂದರೆ, ಯಾವ ಮಗ ಎಲ್ಲಿದ್ದಾನೆ, ಯಾರ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಅಜ್ಜಿ ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಬೇಕು.