ಒಂದಡಿಗೆ ಒಂದಂಗುಲ

ಬೊಂಬೆಮನೆಯೆಂದರೆ ಮಕ್ಕಳ ಆಟಿಕೆಯೆಂಬುದೇ ಬಹುಮಂದಿಯ ಭಾವನೆ. ಆದರೆ ನವದೆಹಲಿಯನ್ನು ರೂಪಿಸಿದ ವಾಸ್ತುಶಿಲ್ಪಿ ಎಡ್ವಿನ್ ಲುಟಿಯೆನ್ಸ್ ಅವರೇ ರಾಣಿ ಮೇರಿಗಾಗಿ ಒಂದು ಬೊಂಬೆಮನೆಯನ್ನು ನಿರ್ಮಿಸಿದರು. 1924ರಲ್ಲಿ ಪೂರ್ಣಗೊಂಡು ಈಗ ವಿಂಡ್ಸರ್ ಕೋಟೆಯಲ್ಲಿರುವ ಆ ಮನೆಗೆ ವಿದ್ಯುದ್ದೀಪಗಳನ್ನೂ ನೀರು ಹರಿಯುವ ನಲ್ಲಿಗಳನ್ನೂ ಅಳವಡಿಸಲಾಗಿತ್ತು. ಅದರ ಅಳತೆ ಒಂದಡಿಗೆ ಒಂದಂಗುಲ.

ಇದೇ ಅಳತೆಯಲ್ಲಿ ಕೋಣೆಯೊಂದನ್ನು ಕಟ್ಟುವ ತರಗತಿಗೆ ಒಡಹುಟ್ಟಿದ ನಾವು ಮೂವರೂ ಸೇರಿದೆವು. ಮಾರಾಟವಾಗಿ ನೆಲಸಮಗೊಂಡ ನಮ್ಮ ಹಿರಿಯರ ಮನೆಯ ಚಾವಡಿಯನ್ನೇ ಆರಿಸಿಕೊಂಡೆವು. ಹದಿನಾಲ್ಕಡಿಯ ಚಾವಡಿ ಹದಿನಾಲ್ಕಂಗುಲದ ಪ್ಲೈವುಡ್ ಪೆಟ್ಟಿಗೆಯಾಯಿತು. ಮುಂಭಾಗವನ್ನು ನೋಡುವವರಿಗಾಗಿ ತೆರೆದಿಟ್ಟೆವು.

ಎಲ್ಲವನ್ನೂ ಹನ್ನೆರಡರಿಂದ ಭಾಗಿಸಿದರೆ ಸಾಕೆಂದು ತಿಳಿದಿದ್ದೆವು. ಬಟ್ಟೆ ಆ ಲೆಕ್ಕಕ್ಕೆ ಒಗ್ಗಲಿಲ್ಲ. ಪರದೆಯನ್ನು ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ನೂಲಿನ ದಪ್ಪ ಕಡಿಮೆಯಾಗದು. ಅದು ನೆರಿಗೆಯಾಗದೆ ಹಲಗೆಯಂತೆ ನಿಂತಿತು. ಕೊನೆಗೆ ಹಳೆಯ ಮಲ್ ಬಟ್ಟೆಯ ಚೂರನ್ನು ಗಂಜಿಯಲ್ಲಿ ಅದ್ದಿ, ಗುಂಡುಸೂಜಿ ಚುಚ್ಚಿ ನೆರಿಗೆ ಹಿಡಿಸಬೇಕಾಯಿತು. ಮಂಗಳೂರು ಹಂಚು ಇನ್ನಷ್ಟು ಕಾಡಿತು. ಸುಮಾರು ಹದಿನಾರಂಗುಲದ ಹಂಚು ಇಲ್ಲಿ ಒಂದೂಕಾಲು ಅಂಗುಲಕ್ಕಿಂತ ತುಸು ಹೆಚ್ಚು. ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆಂಬುದನ್ನು ಮರೆತಿದ್ದರಿಂದ ಹಂಚುಗಳು ಒಂದಕ್ಕೊಂದು ಕೂಡದೆ, ಮಾಡಿನ ತುಂಬ ಬಿರುಕು! ಎಲ್ಲವನ್ನೂ ಮತ್ತೆ, ತುಸು ದೊಡ್ಡದಾಗಿ ಅಚ್ಚೊತ್ತಿದೆವು.

ನಿಜವಾದ ಜಗಳ ನಡೆದದ್ದು ಕಿಟಕಿಯ ಕುರಿತು. ಪ್ರಾರ್ಥನಾ ಪೀಠದ ಎಡಕ್ಕಿತ್ತೆಂದು ಅಕ್ಕ, ಬಲಕ್ಕೆಂದು ನಾವಿಬ್ಬರು. ಉಳಿದಿರುವ ಒಂದೇ ಛಾಯಾಚಿತ್ರದಲ್ಲಿ ಪೀಠವೂ ಅದರ ಮುಂದೆ ನಿಂತ ಮದುಮಕ್ಕಳೂ ಇದ್ದಾರೆಯೇ ಹೊರತು ಗೋಡೆಯಿಲ್ಲ. ಇಪ್ಪತ್ತು ವರ್ಷ ಬಾಳಿದ ಕೋಣೆಯ ಕಿಟಕಿ ಎಲ್ಲಿತ್ತೆಂಬುದನ್ನು ಅರಿಯದೆಹೋದದ್ದಕ್ಕೆ ನಮಗೆ ನಾಚಿಕೆಯಾಯಿತು. ಆದರೂ ಬಹುಮತದ ಬಲದಿಂದ ಬಲಕ್ಕೇ ಅಂಟಿಸಿದೆವು.

ಅಮ್ಮನನ್ನು ಕೇಳಿದಾಗ ಅವರು ಎಡ, ಬಲ ಎನ್ನಲಿಲ್ಲ. "ಸಂಜೆ ಜಪಸರಕ್ಕೆ ಪೀಠದೆದುರು ಮೊಣಕಾಲೂರಿದಾಗ ನಿಮ್ಮಪ್ಪನ ಎಡಗೆನ್ನೆಯ ಮೇಲೆ ಬಿಸಿಲು ಬೀಳುತ್ತಿತ್ತು" ಎಂದರು.

ಗೋಡೆಯನ್ನು ಕಿತ್ತೆವು. ಅಕ್ಕ ಏನೂ ಆಡಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಮುಗಿದ ಚಾವಡಿಯನ್ನು ಅಮ್ಮನ ಮಡಿಲಲ್ಲಿಟ್ಟೆವು. ದೃಷ್ಟಿ ಮಸುಕಾಗಿರುವುದರಿಂದ ಅವರು ಬೆರಳಿನಿಂದಲೇ ನೋಡಿದರು: ಹಂಚು, ಕಿಟಕಿ, ಊದುಬತ್ತಿ ಕಡ್ಡಿಯ ಕಾಲುಗಳ ಬೆಂಚು. ಬೆರಳು ಕೆಂಪು ಗಾರೆನೆಲದ ಮೇಲೆ ಹಿಂದೆ ಮುಂದೆ ಸರಿದಾಡಿತು.

"ಪೀಠದ ಮುಂದೆ ಒಂದು ಬಿರುಕಿತ್ತಲ್ಲ, ಅದೆಲ್ಲಿ?"

ಅಂದು ರಾತ್ರಿಯೇ ಅಕ್ಕ ಸೂಜಿ ಕೈಗೆತ್ತಿಕೊಂಡು ನೆಲವನ್ನು ಗೀರಿದಳು.