ಮನೆಯೇ ಶಾಲೆಯಾದಾಗ ಒಲೆಯ ಗತಿಯೇನು?

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಅಡಿಗೆಗೆ ತಾನಾಗಿಯೇ ಒಂದು ಕಟ್ಟುಪಾಡು ಒದಗಿರುತ್ತದೆ. ಬೆಳಗ್ಗೆ ಎಂಟರೊಳಗೆ ತಿಂಡಿ, ಊಟದ ಡಬ್ಬಿ ಎರಡೂ ಸಿದ್ಧವಾಗಬೇಕು. ಮಗು ಹೊಸ್ತಿಲು ದಾಟಿದ ಮೇಲೆ ಗೃಹಿಣಿಗೆ ತುಸು ಬಿಡುವು. ಮಗುವನ್ನು ಮನೆಯಲ್ಲಿಯೇ ಓದಿಸುವೆವೆಂದು ನಿಶ್ಚಯಿಸಿದ ಕುಟುಂಬದಲ್ಲಿ ಈ ಕಟ್ಟುಪಾಡು ಮೊದಲ ವಾರದಲ್ಲಿಯೇ ಕಳಚಿ ಬೀಳುತ್ತದೆ. ತಾಯಿ ಭಿನ್ನರಾಶಿಯ ಲೆಕ್ಕ ಹೇಳಿಕೊಡುತ್ತಿರುವಾಗ ಕುಕ್ಕರು ಕೂಗುತ್ತದೆ. ಅದನ್ನು ಇಳಿಸಿ ಬರುವಷ್ಟರಲ್ಲಿ ಅಂಶ ಯಾವುದು, ಛೇದ ಯಾವುದು ಎಂಬುದು ಮಗುವಿಗೆ ಮರೆತಿರುತ್ತದೆ. ಮತ್ತೊಮ್ಮೆ ಹೇಳಿಕೊಡುವಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಈ ಇಕ್ಕಟ್ಟು ಎಂಥದೆಂಬುದನ್ನು ನಗರದ ಮನೆಮನೆಯೂ ಕಂಡಿತು. ಅಂದು ಅದು ಅನಿವಾರ್ಯವಾಗಿತ್ತು. ಇಂದು ಇಚ್ಛೆಯಿಂದಲೇ ಈ ದಾರಿ ಹಿಡಿಯುವವರುಂಟು. 2009ರಲ್ಲಿ ಅಂಗೀಕೃತವಾಗಿ 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳ ಶಾಲಾ ಶಿಕ್ಷಣವನ್ನು ಕುರಿತದ್ದು. ಮನೆಪಾಠಕ್ಕೆ ಅದರಲ್ಲಿ ಪ್ರತ್ಯೇಕವಾದ ವಿಧಿಯಿಲ್ಲ. ಮುಂದೆ 14 ವರ್ಷ ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪಠ್ಯ, ಪರೀಕ್ಷೆಗಳ ಚರ್ಚೆ ಎಲ್ಲೆಡೆಯೂ ನಡೆಯುತ್ತದೆ. ಆದರೆ ಮಧ್ಯಾಹ್ನದ ಹುಳಿ ಯಾರು ಮಾಡಬೇಕೆಂಬ ಚರ್ಚೆ ಎಲ್ಲಿಯಾದರೂ ನಡೆದೀತೆ?

ನಡೆಯಬೇಕಾದುದು ಅವಶ್ಯ. 2019ರಲ್ಲಿ ಸರ್ಕಾರವು ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಅಂದರೆ ಹೆಚ್ಚು ಕಡಿಮೆ ಐದು ಗಂಟೆ. ಅಂಥ ಕೆಲಸದಲ್ಲಿ ಕೈಯಿಟ್ಟ ಗಂಡಸರು ನೂರಕ್ಕೆ 26 ಮಂದಿ ಮಾತ್ರ. ಅವರ ಪಾಲು 97 ನಿಮಿಷ. ಈ ಐದು ಗಂಟೆಯ ಮೇಲೆ ಇನ್ನು ಮೂರು ಗಂಟೆಯ ಉಪಾಧ್ಯಾಯಿನಿಯ ಕೆಲಸವನ್ನೂ ಹೇರಿದರೆ, ಸೋಲುವುದು ಅಡಿಗೆಯೂ ಅಲ್ಲ, ಪಾಠವೂ ಅಲ್ಲ, ತಾಯಿಯ ಆರೋಗ್ಯ.

ಎರಡು ಗಂಟೆಯ ವ್ರತ

ಇದಕ್ಕೆ ಮೊದಲ ಪರಿಹಾರವೆಂದರೆ ಬೆಳಗಿನ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಒಲೆ ಹಚ್ಚದಿರುವುದು. ಓದು, ಬರಹ, ಮಗ್ಗಿ ಇವು ಎದುರು ಕುಳಿತು ಹೇಳಿಕೊಡಬೇಕಾದ ವಿಷಯಗಳು. ಸೌಟು ಹಿಡಿದು ಬಾಗಿಲಲ್ಲಿ ನಿಂತು ಹೇಳುವಂಥವಲ್ಲ. ಈ ಎರಡು ಗಂಟೆಗಳನ್ನು ಉಳಿಸಿಕೊಡುವುದು ಹಿಂದಿನ ಸಂಜೆಯ ಸಿದ್ಧತೆ.

ಶನಿವಾರ ಮಧ್ಯಾಹ್ನ ಮೂರು ಪಾವು ಕುಸುಬಲಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯದಂತೆ ನೆನೆಹಾಕಿ ಸಂಜೆಗೆ ರುಬ್ಬಿಟ್ಟರೆ, ಭಾನುವಾರಕ್ಕೆ ಇಡ್ಲಿ. ಉಳಿದ ಹಿಟ್ಟನ್ನು ತಂಪುಪೆಟ್ಟಿಗೆಯಲ್ಲಿಟ್ಟರೆ ಸೋಮವಾರಕ್ಕೆ ದೋಸೆ, ತುಸು ಹುಳಿಯೇರಿದ ಮೇಲೆ ಮಂಗಳವಾರಕ್ಕೆ ಈರುಳ್ಳಿ ಹೆಚ್ಚಿಹಾಕಿದ ಪಡ್ಡು. ರವೆಯನ್ನು ವಾರಕ್ಕೊಮ್ಮೆ ಹುರಿದು ಡಬ್ಬಿಯಲ್ಲಿಟ್ಟಿದ್ದರೆ ಬುಧವಾರದ ಉಪ್ಪಿಟ್ಟು ಹದಿನೈದು ನಿಮಿಷದ ಕೆಲಸ. ಹುಣಿಸೆಯ ಗೊಜ್ಜು ಸಿದ್ಧವಿದ್ದರೆ ಗುರುವಾರಕ್ಕೆ ಗೊಜ್ಜವಲಕ್ಕಿ.

ಮಧ್ಯಾಹ್ನದ ಊಟಕ್ಕೆ ಕುಕ್ಕರಿನ ಮೂರು ಬಟ್ಟಲುಗಳೇ ಸಾಕು: ಒಂದರಲ್ಲಿ ಅಕ್ಕಿ, ಒಂದರಲ್ಲಿ ತೊಗರಿಬೇಳೆ, ಮತ್ತೊಂದರಲ್ಲಿ ತರಕಾರಿ. ಪಾಠಕ್ಕೆ ಕೂರುವ ಮುನ್ನ ಅದನ್ನು ಕೂಗಿಸಿ ಆರಿಸಿಬಿಟ್ಟರೆ, ಮುಚ್ಚಳ ತೆಗೆಯದೆ ಇದ್ದಲ್ಲಿ ಹನ್ನೊಂದೂವರೆಗೂ ಒಳಗಿನದು ಬಿಸಿಯಾಗಿಯೇ ಇರುತ್ತದೆ. ತಿಂಗಳಿಗೊಮ್ಮೆ ಮಾಡಿಟ್ಟ ಹುಳಿಪುಡಿ, ಸಾರಿನಪುಡಿಗಳಿದ್ದರೆ ಬೇಳೆಗೆ ಪುಡಿ ಬೆರೆಸಿ ಕುದಿಸಿ ಒಗ್ಗರಣೆ ಹಾಕುವುದಷ್ಟೆ ಬಾಕಿ. ದಿನಕ್ಕೊಂದು ಹೊಸ ತಿನಿಸಿನ ಹಂಬಲವನ್ನು ಸದ್ಯಕ್ಕೆ ಕಟ್ಟಿಡುವುದೇ ಲೇಸು. ಬುಧವಾರವೆಂದರೆ ಉಪ್ಪಿಟ್ಟೆಂದು ಮನೆಗೆಲ್ಲ ತಿಳಿದಿದ್ದರೆ, ಏನು ಮಾಡಲಿ ಎಂಬ ಚಿಂತೆಯೇ ಇರುವುದಿಲ್ಲ. ಕೈಕೆಲಸಕ್ಕಿಂತ ಆ ಚಿಂತೆಯೇ ಆಯಾಸಕರವೆಂಬುದನ್ನು ಅನುಭವಿಗಳು ಬಲ್ಲರು.

ಒಲೆಯ ಮುಂದಿನ ವಿದ್ಯೆ

ಇನ್ನು ಉಳಿದ ಹೊತ್ತಿನಲ್ಲಿ ಅಡಿಗೆಮನೆಯೂ ಗುರುವಾಗಬಲ್ಲುದು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆಂದು ಪುಸ್ತಕ ಹೇಳುತ್ತದೆ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಕುಕ್ಕರಿನೊಳಗೆ ಆವಿಯ ಒತ್ತಡ ಹೆಚ್ಚುವುದರಿಂದ ಶಾಖವು 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ತೊಗರಿಬೇಳೆ ಬೇಗ ಬೇಯುವ ಗುಟ್ಟು ಇದೇ. ಮಂಗಳೂರಿನ ಅಜ್ಜಿಯ ಮನೆಯ ತೆರೆದ ಪಾತ್ರೆಯಲ್ಲಿ ಬೇಳೆ ಇಲ್ಲಿಗಿಂತ ಬೇಗ ಏಕೆ ಬೇಯುತ್ತದೆಂದು ಮಗುವೇ ಯೋಚಿಸಲಿ.

ಇಡ್ಲಿಯ ಹಿಟ್ಟು ರಾತ್ರಿ ಉಬ್ಬುವುದು ಸೂಕ್ಷ್ಮಜೀವಿಗಳು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ. ಪಾತ್ರೆಯ ಹೊರಗೆ ಗುರುತು ಮಾಡಿ, ಎಷ್ಟು ಗಂಟೆಗೆ ಎಷ್ಟು ಬೆರಳು ಏರಿತೆಂದು ಮಗು ಬರೆದಿಡಲಿ. ಡಿಸೆಂಬರಿನ ಚಳಿಗೂ ಏಪ್ರಿಲಿನ ಸೆಕೆಗೂ ಇರುವ ಅಂತರವು ಆ ಪುಸ್ತಕದಲ್ಲಿಯೇ ಕಂಡುಬರುತ್ತದೆ. ಅಜ್ಜಿಯ ಪಾವಿನಲ್ಲಿ ಎಷ್ಟು ಮಿಲಿಲೀಟರ್ ನೀರು ಹಿಡಿಯುತ್ತದೆಂದು ಅಳೆದರೆ ಲೆಕ್ಕವೂ ಆಯಿತು. ನಾಲ್ಕು ಪಾವಿಗೆ ಒಂದು ಸೇರೆಂಬ ಹಳೆಯ ಮಾನವು ಹೋಗಿ 1958ರಿಂದ ಹಂತಹಂತವಾಗಿ ಮೆಟ್ರಿಕ್ ಅಳತೆ ಬಂದ ಚರಿತ್ರೆಯೂ ಆಯಿತು.

ಚರಿತ್ರೆಯೆಂದರೆ ಮೆಣಸಿನಕಾಯಿಯ ಹೆಸರನ್ನೇ ನೋಡಬಹುದು. ಕಾಳುಮೆಣಸು ನಮ್ಮ ನಾಡಿನದೇ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದದ್ದು. ಹೊಸ ಕಾಯಿಗೆ ನಮ್ಮವರು ಹಳೆಯ ಖಾರದ ಹೆಸರನ್ನೇ ಇಟ್ಟರು. ಅನೇಕ ಮನೆಗಳ ಶ್ರಾದ್ಧದಡಿಗೆಯಲ್ಲಿ ಇಂದಿಗೂ ಮೆಣಸಿನಕಾಯಿಗೆ ಪ್ರವೇಶವಿಲ್ಲ, ಕಾಳುಮೆಣಸೇ ಬೇಕು. ಏಕೆಂದು ಮಗು ಅಜ್ಜಿಯನ್ನು ಕೇಳಿದರೆ ಐನೂರು ವರ್ಷಗಳ ಕಥೆ ಬಿಚ್ಚಿಕೊಂಡೀತು.

ಆದರೆ ಇಲ್ಲೊಂದು ಎಚ್ಚರಿಕೆಯೂ ಬೇಕು. ಅಡಿಗೆಯ ಪ್ರತಿಯೊಂದು ಕೆಲಸಕ್ಕೂ ಪಾಠದ ವೇಷ ತೊಡಿಸಬಾರದು. ಬೆಂಡೆಕಾಯಿ ಹೆಚ್ಚುವುದು ರೇಖಾಗಣಿತವೆಂದು ಹೇಳಿಕೊಂಡು ಮಗುವಿನಿಂದ ಒಂದು ಕಿಲೋ ಬೆಂಡೆಕಾಯಿ ಹೆಚ್ಚಿಸಿದರೆ ಅದು ಗಣಿತವಲ್ಲ, ಬೆಂಡೆಕಾಯಿಯ ಪಲ್ಯವಷ್ಟೆ. ಮಗುವಿಗೂ ಅದು ತಿಳಿಯುತ್ತದೆ. ದಿನಕ್ಕೊಂದು ಪ್ರಶ್ನೆ ಒಲೆಯ ಬಳಿ ಹುಟ್ಟಿದರೆ ಸಾಕು. ಮಿಕ್ಕ ವೇಳೆ ಸೊಪ್ಪು ಬಿಡಿಸುವ ಮಗು ಸುಮ್ಮನೆ ಸೊಪ್ಪು ಬಿಡಿಸಲಿ.

ಹೇಳದೆ ಕಲಿಸುವ ಪಾಠ

ಶಾಲೆಗೆ ಹೋಗುವ ಮಗುವು ಮನೆಯ ಹಗಲನ್ನು ಕಾಣುವುದಿಲ್ಲ. ಮನೆಯಲ್ಲಿ ಕಲಿಯುವ ಮಗು ಪ್ರತಿದಿನವೂ ಕಾಣುತ್ತದೆ. ಪಾತ್ರೆ ತೊಳೆಯುವವರು ಯಾರು, ಎಲ್ಲರ ಊಟವಾದ ಮೇಲೆ ಆರಿದ ಅನ್ನ ಉಣ್ಣುವವರು ಯಾರು, ಕರೆದರೂ ಪತ್ರಿಕೆಯಿಂದ ತಲೆಯೆತ್ತದವರು ಯಾರು ಎಂಬುದೆಲ್ಲ ಅದರ ಕಣ್ಣಿಗೆ ಬೀಳುತ್ತದೆ. ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಈ ಪಾಠ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಊರುತ್ತದೆ. ಸಮಾನತೆಯ ಮೇಲೆ ಪ್ರಬಂಧ ಬರೆಸಿದ ತಾಯಿಯೇ ಏಕಾಂಗಿಯಾಗಿ ಮುಸುರೆ ತಿಕ್ಕುವುದನ್ನು ನೋಡಿ ಬೆಳೆದ ಹುಡುಗನು ಯಾವುದನ್ನು ನಂಬಿಯಾನು, ಪ್ರಬಂಧವನ್ನೇ, ಮುಸುರೆಯನ್ನೇ?

ಆದಕಾರಣ ಮಗುವನ್ನು ಮನೆಯಲ್ಲಿ ಓದಿಸುವ ನಿರ್ಧಾರವು ದಂಪತಿಗಳಿಬ್ಬರದಾದರೆ, ಒಲೆಯ ಹೊಣೆಯೂ ಇಬ್ಬರದೇ ಆಗಬೇಕು. ಕಛೇರಿಗೆ ಹೋಗುವ ತಂದೆಯು ಬೆಳಗಿನ ತಿಂಡಿಯನ್ನು ವಹಿಸಿಕೊಳ್ಳಬಹುದು. ದೋಸೆ ಹುಯ್ಯಲು ಅವರಿಗೆ ಬಾರದಿದ್ದರೆ ಮಗುವಿನ ಜೊತೆಯಲ್ಲಿಯೇ ಕಲಿಯಬಹುದು. ಮನೆಯಲ್ಲಿ ಹಿರಿಯರಿದ್ದರೆ ಅವರ ಕೈಲಾದಷ್ಟನ್ನೇ ಕೇಳಬೇಕು; ಅಜ್ಜಿಯೆಂದರೆ ಸಂಬಳವಿಲ್ಲದ ಅಡಿಗೆಯವರೆಂದಲ್ಲ. ಎಂಟು ವರ್ಷದ ಮಗು, ಗಂಡಾಗಲಿ ಹೆಣ್ಣಾಗಲಿ, ಅಕ್ಕಿ ತೊಳೆಯಬಲ್ಲುದು, ಹೆಸರುಬೇಳೆ ನೆನೆಹಾಕಿ ಕೋಸಂಬರಿ ಕಲಸಬಲ್ಲುದು, ತನ್ನ ತಟ್ಟೆಯನ್ನು ತಾನೇ ತೊಳೆಯಬಲ್ಲುದು. ಬೆಂಕಿ, ಕತ್ತಿಗಳ ಹತ್ತಿರ ಮಾತ್ರ ದೊಡ್ಡವರು ಇರಲೇಬೇಕು.

ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುವಾಗ ಗಣಿತ, ಕನ್ನಡ, ವಿಜ್ಞಾನಗಳ ಕೆಳಗೆ ಇನ್ನೂ ಒಂದು ಸಾಲು ಬರೆಯಿರಿ: ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರೂ ಒಟ್ಟಿಗೆ ಕುಳಿತು ಊಟ, ಅಮ್ಮನೂ ಸೇರಿ. ಬಳಿಕ ರಾತ್ರಿ ದೀಪ ಆರಿಸುವ ಮುನ್ನ ಮನೆಯವರೆಲ್ಲ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಳೆಗೆ ಏನನ್ನು ನೆನೆಹಾಕಬೇಕು, ಹಾಕುವವರು ಯಾರು?